ಮೊದಲು ಯಾವ ಸ್ಪೈಡರ್-ಮ್ಯಾನ್? 2002ರದ್ದೋ, 2012ರದ್ದೋ?

ಜುಲೈನಲ್ಲಿ ಕರಾವಳಿಗೆ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸುತ್ತಾರೆ. ಘಟ್ಟದ ಮೇಲೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯೂ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಮಕ್ಕಳು ಬೆಳಗ್ಗಿನಿಂದ ಮನೆಯಲ್ಲೇ. ಅಂಥ ದಿನ ಹತ್ತು ಗಂಟೆಯೊಳಗೆ ಕಾರವಾರದಿಂದ ತಂಗಿಯ ಫೋನು ಬಂದೇ ಬರುತ್ತದೆ. "ಅಣ್ಣ, ಸ್ಪೈಡರ್-ಮ್ಯಾನ್ ಅಂತ ಹುಡುಕಿದ್ರೆ ಒಂದು ರಾಶಿ ಬರ್ತದೆ. ಇವಕ್ಕೆ ಯಾವುದು ಹಾಕ್ಲಿ?" ನೆರೆಮನೆಯವರದ್ದೂ ಇದೇ ಪ್ರಶ್ನೆ, ಸಿನಿಮಾ ವಿಷಯ ತೆಗೆದರೆ ಸಾಕು ಕಾಲೇಜು ಹುಡುಗರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಟ್ಟಿಗೆ ಬರೆದುಬಿಡುತ್ತೇನೆ.

ಕತೆಯನ್ನು ಬುಡದಿಂದ ಹೇಳುವ ಸಿನಿಮಾ ಬೇಕು ಎಂದಾದರೆ ಆ ರಾಶಿಯಲ್ಲಿ ಆಯ್ಕೆಗೆ ಉಳಿಯುವುದು ಎರಡೇ. 2002ರ 'ಸ್ಪೈಡರ್-ಮ್ಯಾನ್', ನಿರ್ದೇಶಕ ಸ್ಯಾಮ್ ರೈಮಿ, ನಾಯಕ ಟೋಬಿ ಮ್ಯಾಗ್ವಾಯರ್. 2012ರ 'ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್', ನಿರ್ದೇಶಕ ಮಾರ್ಕ್ ವೆಬ್, ನಾಯಕ ಆಂಡ್ರೂ ಗಾರ್ಫೀಲ್ಡ್. ಈಗಿನ ಮಕ್ಕಳಿಗೆ ಹೆಚ್ಚು ಪರಿಚಯವಿರುವ ಟಾಮ್ ಹಾಲೆಂಡ್‌ನ 2017ರ ಸಿನಿಮಾದಲ್ಲಿ ಜೇಡ ಕಚ್ಚಿ ಆಗಿಹೋಗಿರುತ್ತದೆ. ಅಲ್ಲಿಂದ ಶುರುಮಾಡಿದರೆ ಮಕ್ಕಳಿಗೆ ಸಾಹಸ ಸಿಗುತ್ತದೆ, ಹುಡುಗ ಯಾಕೆ ಈ ಕೆಲಸಕ್ಕೆ ಇಳಿದ ಎಂಬುದು ಮಾತ್ರ ಸಿಗುವುದಿಲ್ಲ. ಈ ನಾಯಕನ ಜೀವ ಇರುವುದೇ ಆ 'ಯಾಕೆ'ಯಲ್ಲಿ.

ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಮನೆಮಂದಿಯೆಲ್ಲ ಕೂತು ಮೊದಲ ಸಲ ನೋಡುವುದಾದರೆ 2002ರದ್ದು. ಕಾಮಿಕ್ಸ್ ಓದಿ ಬೆಳೆದವರಿಗೆ, ಪ್ರೀತಿ-ಪ್ರೇಮದ ಭಾಗವೂ ಗಟ್ಟಿಯಾಗಿರಲಿ ಎನ್ನುವ ಕಾಲೇಜು ವಯಸ್ಸಿನವರಿಗೆ 2012ರದ್ದು. ಹೀಗೆಂದು ಎರಡೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಮೊದಲನೆಯದರ ಕತೆ ಗಟ್ಟಿ. ಎರಡನೆಯದರಲ್ಲಿ ಬಿಡಿ ದೃಶ್ಯಗಳು ಚೆನ್ನ.

ಸ್ಪೈಡರ್-ಮ್ಯಾನ್ ಹುಟ್ಟಿದ್ದು 1962ರ ಆಗಸ್ಟ್ ಎಂದು ಅಚ್ಚಾದ 'ಅಮೇಜಿಂಗ್ ಫ್ಯಾಂಟಸಿ' ಪತ್ರಿಕೆಯ 15ನೇ ಸಂಚಿಕೆಯಲ್ಲಿ. ಬರೆದವರು ಸ್ಟ್ಯಾನ್ ಲೀ, ಚಿತ್ರ ಬಿಡಿಸಿದವರು ಸ್ಟೀವ್ ಡಿಟ್ಕೊ. ಅಪ್ಪ-ಅಮ್ಮ ಇಲ್ಲದ ಪೀಟರ್ ಪಾರ್ಕರ್‌ನನ್ನು ಚಿಕ್ಕಪ್ಪ ಬೆನ್, ಚಿಕ್ಕಮ್ಮ ಮೇ ಸಾಕಿರುತ್ತಾರೆ. ವಿಕಿರಣ ತಗುಲಿದ ಜೇಡ ಕಚ್ಚಿ ಅವನಿಗೆ ಶಕ್ತಿ ಬರುತ್ತದೆ. ಆ ಶಕ್ತಿಯನ್ನು ದುಡ್ಡಿಗೆ, ಹೆಸರಿಗೆ ಬಳಸುತ್ತಾನೆ. ಎದುರಿಗೇ ಓಡಿಹೋದ ಕಳ್ಳನನ್ನು ತನಗೇಕೆ ಎಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ಬೆನ್‌ನನ್ನು ಕೊಲ್ಲುತ್ತಾನೆ. ಹನ್ನೊಂದೇ ಪುಟದ ಕತೆ ಅದು. ಇದನ್ನು ಯಾರು ಹೇಗೆ ಸಿನಿಮಾಕ್ಕೆ ತಂದರು ಎಂಬುದರಲ್ಲೇ ನಮ್ಮ ಆಯ್ಕೆ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಬೆನ್ ಸಾಯುವ ಭಾಗ

2002ರಲ್ಲಿ ಪೀಟರ್ ಲೈಬ್ರರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಕುಸ್ತಿ ಪಂದ್ಯಕ್ಕೆ ಹೊರಡುತ್ತಾನೆ. ಕಾರಿನಲ್ಲಿ ಬಿಡಲು ಬಂದ ಬೆನ್ ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರುತ್ತದೆ ಎನ್ನುತ್ತಾನೆ. ಈ ಮಾತು ಮೂಲ ಕಾಮಿಕ್ಸ್‌ನಲ್ಲಿ ಬೆನ್ ಬಾಯಲ್ಲಿರಲಿಲ್ಲ, ಕೊನೆಯ ಚೌಕದಲ್ಲಿ ನಿರೂಪಕನ ಸಾಲಾಗಿ ಬಂದಿತ್ತು. ಬೆನ್ ಬಾಯಿಗೆ ಕೊಟ್ಟಿದ್ದರಿಂದ ಅದರ ಭಾರ ಹೆಚ್ಚಾಯಿತು. ನೀನೇನು ನನ್ನ ಅಪ್ಪನಲ್ಲ ಎಂಬ ಅರ್ಥದಲ್ಲಿ ಪೀಟರ್ ಸಿಡುಕುತ್ತಾನೆ. ಅವರಿಬ್ಬರ ನೆಟ್ಟಗಿನ ಕೊನೆಯ ಮಾತುಕತೆ ಅದು.

ಮುಂದೆ ಕುಸ್ತಿಯ ಕಣ. ಮೂರು ನಿಮಿಷ ನಿಂತವನಿಗೆ ಮೂರು ಸಾವಿರ ಡಾಲರ್ ಎಂದು ಜಾಹೀರಾತು. ಪೀಟರ್ ಎದುರಾಳಿಯನ್ನು ಎರಡೇ ನಿಮಿಷಕ್ಕೆ ಕೆಡವುತ್ತಾನೆ. ಸಂಘಟಕ ಅದನ್ನೇ ನೆಪ ಮಾಡಿ ನೂರು ಡಾಲರ್ ಎಣಿಸಿ ಕೊಟ್ಟು, ನಿನ್ನ ಕಷ್ಟ ನನಗೇನು ಎಂಬಂತೆ ಮಾತಾಡಿ ಕಳಿಸುತ್ತಾನೆ. ಅಷ್ಟರಲ್ಲಿ ಕಳ್ಳ ಬಂದು ಅವನ ಗಲ್ಲಾ ದೋಚಿಕೊಂಡು ಓಡುತ್ತಾನೆ. ಲಿಫ್ಟ್ ಬಾಗಿಲಲ್ಲಿ ನಿಂತ ಪೀಟರ್ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಸಂಘಟಕ ಕೂಗಾಡಿದಾಗ ಅವನ ಮಾತನ್ನೇ ಅವನಿಗೆ ತಿರುಗಿಸಿ ಹೇಳುತ್ತಾನೆ. ನೋಡುತ್ತಿರುವ ನಮಗೂ ಆ ಗಳಿಗೆಯಲ್ಲಿ ಸರಿಯಾಗಿ ಮಾಡಿದ ಅನಿಸುತ್ತದೆ. ರೈಮಿಯ ಜಾಣತನ ಇಲ್ಲಿದೆ. ನಮ್ಮನ್ನೂ ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡೇ ಬೀದಿಗೆ ಕರೆದೊಯ್ಯುತ್ತಾನೆ. ಹೊರಗೆ ಜನ ಮುತ್ತಿರುತ್ತಾರೆ, ನೆಲದ ಮೇಲೆ ಬೆನ್. ಕೊಂದವನನ್ನು ಅಟ್ಟಿಸಿಕೊಂಡು ಹೋಗಿ ಪಾಳು ಕಟ್ಟಡದಲ್ಲಿ ಹಿಡಿದಾಗ ಬೆಳಕು ಅವನ ಮುಖಕ್ಕೆ ಬೀಳುತ್ತದೆ. ಲಿಫ್ಟಿನ ಹತ್ತಿರ ದಾರಿ ಬಿಟ್ಟದ್ದು ಇವನಿಗೇ ಎಂದು ಪೀಟರ್‌ಗೆ ಗೊತ್ತಾಗುವಾಗ ನಮಗೂ ಗೊತ್ತಾಗುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ನಮ್ಮ ಆಯಿ ಈ ದೃಶ್ಯಕ್ಕೆ, "ಆಗ್ಲೇ ಹಿಡಿದಿದ್ರೆ ಆಗ್ತಿತ್ತಲ್ಲ" ಎಂದು ಸೆರಗು ಬಾಯಿಗಿಟ್ಟುಕೊಂಡರು. ಯಾರೂ ಅವರಿಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ.

2012ರಲ್ಲಿ ಕುಸ್ತಿ ಇಲ್ಲ. ಪೀಟರ್ ಚಿಕ್ಕಮ್ಮನನ್ನು ಕರೆತರುವುದನ್ನು ಮರೆತು, ಆಕೆ ರಾತ್ರಿ ಒಬ್ಬಳೇ ನಡೆದುಹೋಗುವಂತಾಗುತ್ತದೆ. ಬೆನ್ ಗದರುತ್ತಾನೆ, ಪೀಟರ್ ಬಾಗಿಲು ಬಡಿದು ಹೊರಡುತ್ತಾನೆ. ಅಂಗಡಿಯಲ್ಲಿ ಹಾಲಿನ ಬಾಟಲಿಗೆ ಎರಡು ಸೆಂಟ್ ಕಮ್ಮಿ. ಗಲ್ಲಾದವನು ಬಿಡುವುದಿಲ್ಲ. ಹಿಂದೆ ನಿಂತ ಕಳ್ಳ ಗಲ್ಲಾಕ್ಕೆ ಕೈಹಾಕಿ, ಹೋಗುವಾಗ ಬಾಟಲಿಯನ್ನು ಪೀಟರ್ ಕಡೆ ಎಸೆದು ಓಡುತ್ತಾನೆ. ಹುಡುಕುತ್ತ ಬಂದ ಬೆನ್ ಬೀದಿಯಲ್ಲಿ ಅವನಿಗೆ ಎದುರಾಗುತ್ತಾನೆ, ಪಿಸ್ತೂಲಿಗೆ ಕಿತ್ತಾಟವಾಗಿ ಗುಂಡು ಹಾರುತ್ತದೆ. ಬೆನ್ ಆಗಿ ಮಾರ್ಟಿನ್ ಶೀನ್ ಅದ್ಭುತ. ತಪ್ಪು ಸಣ್ಣದು, ದಿನನಿತ್ಯದ್ದು ಎಂಬುದೂ ಒಳ್ಳೆಯ ಯೋಚನೆಯೇ, ಎರಡು ಸೆಂಟಿನ ಸಿಟ್ಟಿಗೆ ಒಂದು ಜೀವ ಹೋಗುತ್ತದೆ. ಆದರೆ ಮುಂದೇನು? ಕೈಮಣಿಕಟ್ಟಿನ ಮೇಲೆ ನಕ್ಷತ್ರದ ಹಚ್ಚೆ ಇರುವ ಕೊಲೆಗಾರನನ್ನು ಪೀಟರ್ ರಾತ್ರಿಯೆಲ್ಲ ಹುಡುಕುತ್ತಾನೆ. ನಡುವೆ ಖಳನಾದ ಹಲ್ಲಿ-ಮನುಷ್ಯ ಬಂದದ್ದೇ ತಡ, ಆ ಹುಡುಕಾಟವನ್ನು ಸಿನಿಮಾ ಕೈಬಿಡುತ್ತದೆ. ಕೊಂದವನು ಸಿಗುವುದೇ ಇಲ್ಲ. ಬೆನ್ ಫೋನಿನಲ್ಲಿ ಬಿಟ್ಟುಹೋದ ಸಂದೇಶವನ್ನು ಪೀಟರ್ ಕೊನೆಗೆ ಕೇಳಿಸಿಕೊಳ್ಳುವ ಜಾಗ ಎದೆಗೆ ತಟ್ಟುತ್ತದೆ, ನಿಜ. ಆದರೂ ಕತೆಯ ನಡುಗಂಬವನ್ನೇ ಅರ್ಧಕ್ಕೆ ಬಿಟ್ಟದ್ದನ್ನು ನಾನು ಈವರೆಗೆ ಒಪ್ಪಿಲ್ಲ. ಮಕ್ಕಳ ಎದುರು ಮೊದಲು 2002ರದ್ದನ್ನೇ ಹಾಕಿ ಎಂದು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣ ಇದೇ.

ಪೀಟರ್ ಯಾರು ಚೆನ್ನ?

ಪಾತ್ರ ಒಂದು, ವೇಷಧಾರಿಗಳು ಇಬ್ಬರು ಎಂಬುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡವರು ಬೇರೆಯವರ ಕೀಚಕನ ಮುಂದೆ ಕೂತಾಗ ಏನು ನೋಡುತ್ತಾರೋ ಅದನ್ನೇ ಇಲ್ಲೂ ನೋಡಬೇಕು. ಪ್ರಸಂಗ ಗೊತ್ತಿರುವುದೇ, ಈತ ಯಾವ ಭಾವವನ್ನು ಹಿಡಿದು ಬೆಳೆಸಿದ?

ಮ್ಯಾಗ್ವಾಯರ್ ಹಿಡಿದದ್ದು ಸಂಕೋಚವನ್ನು. ಕಣ್ಣು ಅರಳಿಸಿ ನಿಂತರೆ ಬೈಗುಳ ತಿಂದು ಅಭ್ಯಾಸವಾದ ಹುಡುಗ ಅನಿಸುತ್ತದೆ. ಶಕ್ತಿ ಬಂದ ಮೇಲೂ ಆ ಸಂಕೋಚ ಅವನನ್ನು ಬಿಡುವುದಿಲ್ಲ. ಶಾಲೆಯ ಊಟದ ಕೋಣೆಯಲ್ಲಿ ಅವನು ಮೆಚ್ಚಿದ ಹುಡುಗಿ ಮೇರಿ ಜೇನ್ ಜಾರಿದಾಗ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅವಳ ತಟ್ಟೆ ಹಿಡಿದು, ಗಾಳಿಯಲ್ಲಿದ್ದ ತಿನಿಸುಗಳನ್ನೆಲ್ಲ ಒಂದೊಂದಾಗಿ ಅದರಲ್ಲೇ ಬೀಳಿಸಿಕೊಳ್ಳುವ ದೃಶ್ಯವಿದೆ. ಅದು ಕಂಪ್ಯೂಟರ್ ಕೆಲಸವಲ್ಲ. ತಟ್ಟೆಯನ್ನು ಅಂಟಿನಿಂದ ಕೈಗೆ ಕೂಡಿಸಿಕೊಂಡು, ನೂರೈವತ್ತಕ್ಕೂ ಹೆಚ್ಚು ಟೇಕ್ ತೆಗೆದುಕೊಂಡು ನಿಜವಾಗಿಯೇ ಮಾಡಿದ್ದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ, ಕಣ್ಣು ಮಿಟುಕಿಸದೆ ನೋಡುತ್ತಾರೆ.

ಗಾರ್ಫೀಲ್ಡ್ ಹಿಡಿದದ್ದು ಸಿಟ್ಟನ್ನು, ಚಡಪಡಿಕೆಯನ್ನು. ಸ್ಕೇಟ್‌ಬೋರ್ಡ್ ಮೇಲೆ ಓಡಾಡುವ, ತಡವರಿಸುತ್ತಲೇ ಎದುರು ಮಾತಾಡುವ ಹುಡುಗ. ಮುಖವಾಡ ಹಾಕಿದ ಮೇಲೆ ನಾಲಿಗೆಗೆ ಲಗಾಮಿಲ್ಲ. ಕಾರು ಕದಿಯಲು ಬಂದವನು ಸಣ್ಣ ಚಾಕು ತೆಗೆದಾಗ ಹೆದರಿದವನಂತೆ ನಟಿಸಿ ಆಟ ಆಡಿಸುತ್ತಾನಲ್ಲ, ಕಾಮಿಕ್ಸ್‌ನ ಸ್ಪೈಡರ್-ಮ್ಯಾನ್ ಇರುವುದು ಥೇಟ್ ಹಾಗೆಯೇ. ಬಲೆಯ ವಿಷಯದಲ್ಲೂ 2012ರದ್ದೇ ಮೂಲಕ್ಕೆ ಹತ್ತಿರ, ಪೀಟರ್ ಮಣಿಕಟ್ಟಿಗೆ ತಾನೇ ಯಂತ್ರ ಮಾಡಿಕೊಂಡು ಬಲೆ ಹಾರಿಸುತ್ತಾನೆ. ರೈಮಿಯ ಸಿನಿಮಾದಲ್ಲಿ ಬಲೆ ಮೈಯೊಳಗಿಂದಲೇ ಬರುತ್ತದೆ. ಇದಕ್ಕಾಗಿ ಕಾಮಿಕ್ಸ್ ಅಭಿಮಾನಿಗಳು ಆಗ ಬಹಳ ಗಲಾಟೆ ಮಾಡಿದ್ದರು. ಮೊದಲ ಸಲ ನೋಡುವವರಿಗೆ ಅದೊಂದು ವಿಷಯವೇ ಅಲ್ಲ.

ಹುಡುಗಿಯರ ವಿಷಯಕ್ಕೆ ಬಂದರೆ 2012 ಬಹಳ ಮುಂದಿದೆ. ಕರ್ಸ್ಟನ್ ಡನ್ಸ್ಟ್ ಒಳ್ಳೆಯ ನಟಿ. ಮಳೆಯಲ್ಲಿ ತಲೆಕೆಳಗಾಗಿ ನೇತಾಡುವ ಸ್ಪೈಡರ್-ಮ್ಯಾನ್‌ಗೆ ಆಕೆ ಮುತ್ತು ಕೊಡುವ ದೃಶ್ಯ ಸಿನಿಮಾ ನೋಡದವರಿಗೂ ಗೊತ್ತು. ಆದರೆ ಅವಳ ಮೇರಿ ಜೇನ್‌ಗೆ ಸಿನಿಮಾದುದ್ದಕ್ಕೂ ಇರುವ ಕೆಲಸ ಅಪಾಯದಲ್ಲಿ ಸಿಕ್ಕಿ ಕೂಗುವುದು. ಎಮ್ಮಾ ಸ್ಟೋನ್‌ಳ ಗ್ವೆನ್ ಸ್ಟೇಸಿ ಹಾಗಲ್ಲ. ವಿಜ್ಞಾನ ಓದುವ ಹುಡುಗಿ, ಆಸ್ಕಾರ್ಪ್ ಕಂಪನಿಯಲ್ಲಿ ತರಬೇತಿಯಲ್ಲಿರುತ್ತಾಳೆ. ಪೀಟರ್ ತನ್ನ ಗುಟ್ಟನ್ನು ಅವಳಿಗೆ ಬೇಗನೇ ಬಿಟ್ಟುಕೊಡುತ್ತಾನೆ. ಊರಿಗೆ ಆಪತ್ತು ಬಂದಾಗ ಮದ್ದು ತಯಾರಿಸುವುದು ಅವಳೇ. ಇಬ್ಬರೂ ಶಾಲೆಯ ಕಾರಿಡಾರಿನಲ್ಲಿ ನಿಂತು, ಏನು ಕೇಳಬೇಕೋ ಅದನ್ನು ಕೇಳಲಾಗದೆ, ಅರ್ಧರ್ಧ ವಾಕ್ಯದಲ್ಲೇ ಎಲ್ಲಿಗಾದರೂ ಹೋಗೋಣ ಎಂದು ಒಪ್ಪಿಕೊಳ್ಳುವ ದೃಶ್ಯದಷ್ಟು ಸಹಜವಾದದ್ದು ರೈಮಿಯ ಪ್ರೇಮದಲ್ಲಿ ಒಂದೂ ಇಲ್ಲ. ಹೆಣ್ಣುಮಕ್ಕಳ ಜೊತೆ ಕೂತು ನೋಡುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಖಳನ ಮಟ್ಟಿಗೆ ಲೆಕ್ಕ ಪೂರ್ತಿ ಉಲ್ಟಾ. 2002ರ ಗ್ರೀನ್ ಗಾಬ್ಲಿನ್ ಆಗಿ, ಅಂದರೆ ಪೀಟರ್‌ನ ಗೆಳೆಯನ ಅಪ್ಪನಾಗಿ, ವಿಲೆಮ್ ಡಫೋ. ವೇಷ ಹಾಕಿದಾಗ ಆ ಹಸಿರು ಮುಖವಾಡ ಈಗ ಆಟಿಕೆಯ ಹಾಗೆ ಕಂಡರೂ, ಮುಖವಾಡವಿಲ್ಲದೆ ಕನ್ನಡಿಯ ಮುಂದೆ ತನ್ನೊಂದಿಗೆ ತಾನೇ ಮಾತಾಡುವ ದೃಶ್ಯಕ್ಕೆ ಯಾವ ತಂತ್ರಜ್ಞಾನವೂ ಬೇಕಾಗಿಲ್ಲ. ಒಂದು ಬದಿಗೆ ಹೆದರಿದ ಅಪ್ಪ, ಇನ್ನೊಂದು ಬದಿಗೆ ಹಲ್ಲು ಕಿರಿಯುವ ರಾಕ್ಷಸ, ಎರಡೂ ಒಂದೇ ಮುಖದಲ್ಲಿ. 2012ರಲ್ಲಿ ರಿಸ್ ಇಫಾನ್ಸ್ ಮಾಡಿದ ಕರ್ಟ್ ಕಾನರ್ಸ್ ಒಂದು ಕೈ ಇಲ್ಲದ ವಿಜ್ಞಾನಿ, ಹಲ್ಲಿಯ ಬಾಲದಂತೆ ಕೈಯೂ ಮತ್ತೆ ಬೆಳೆಯಲಿ ಎಂದು ಹೊರಟವನು. ಮನುಷ್ಯನಾಗಿರುವ ತನಕ ಅವನ ಮೇಲೆ ಕನಿಕರ ಹುಟ್ಟುತ್ತದೆ. ದೊಡ್ಡ ಹಲ್ಲಿಯಾದ ಮೇಲೆ ಊರನ್ನೇ ಹಲ್ಲಿ ಮಾಡುತ್ತೇನೆಂದು ಗೋಪುರ ಹತ್ತುತ್ತಾನೆ, ಅಲ್ಲಿಗೆ ಕನಿಕರವೂ ಹೋಯಿತು, ಭಯವೂ ಹೋಯಿತು. ಇರ್ಫಾನ್ ಖಾನ್‌ಗಾಗಿ ಈ ಸಿನಿಮಾ ನೋಡುವವರಿಗೆ ಒಂದು ಮಾತು: ಆಸ್ಕಾರ್ಪ್‌ನ ಡಾ. ರಜಿತ್ ರಾಥಾ ಆಗಿ ಅವರಿದ್ದಾರೆ, ಆದರೆ ಪಾತ್ರ ಚಿಕ್ಕದು, ಸೇತುವೆಯ ದೃಶ್ಯದ ನಂತರ ಕಾಣುವುದಿಲ್ಲ. ಅಂಥ ನಟನನ್ನು ಅಷ್ಟಕ್ಕೇ ಬಿಟ್ಟದ್ದು ನೋವಿನ ಸಂಗತಿ.

ಎರಡು ಸೇತುವೆಗಳು

ಎರಡು ಸಿನಿಮಾಗಳನ್ನೂ ಪಕ್ಕಪಕ್ಕ ಇಟ್ಟು ನೋಡಲು ಸೇತುವೆಯ ದೃಶ್ಯಗಳಿಗಿಂತ ಒಳ್ಳೆಯ ಜಾಗವಿಲ್ಲ. ಕಾಮಿಕ್ಸ್‌ನಲ್ಲೂ ಸೇತುವೆಗೆ ದೊಡ್ಡ ಸ್ಥಾನ. 1973ರ ಜೂನ್ ಸಂಚಿಕೆಯಲ್ಲಿ ಗಾಬ್ಲಿನ್ ಗ್ವೆನ್‌ಳನ್ನು ಸೇತುವೆಯಿಂದ ಕೆಡವಿ, ಪೀಟರ್ ಬಲೆ ಬೀಸಿ ಹಿಡಿದರೂ ಅವಳು ಉಳಿಯದೆ, ಓದುಗರು ತಿಂಗಳುಗಟ್ಟಲೆ ಪತ್ರ ಬರೆದು ಜಗಳವಾಡಿದ್ದರು.

2002ರಲ್ಲಿ ಕ್ವೀನ್ಸ್‌ಬರೊ ಸೇತುವೆ. ಗಾಬ್ಲಿನ್‌ನ ಒಂದು ಕೈಯಲ್ಲಿ ಮೇರಿ ಜೇನ್, ಇನ್ನೊಂದು ಕೈಯಲ್ಲಿ ಮಕ್ಕಳು ತುಂಬಿದ ಕೇಬಲ್ ಕಾರಿನ ಹಗ್ಗ. ಯಾರನ್ನು ಉಳಿಸುತ್ತೀ ಎಂದು ಕೇಳಿ ಎರಡನ್ನೂ ಬಿಟ್ಟುಬಿಡುತ್ತಾನೆ. ಪೀಟರ್ ಇಬ್ಬರನ್ನೂ ಹಿಡಿದು ನೇತಾಡುತ್ತಿರುವಾಗ ಕೆಳಗೆ ನದಿಯಲ್ಲಿ ಸರಕು ದೋಣಿಯವರು ಬಂದು, ಇತ್ತ ಇಳಿಸು ಎಂದು ಕೂಗುತ್ತಾರೆ. ಮೇಲಿಂದ ಗಾಬ್ಲಿನ್ ಎರಗಿದಾಗ ಸೇತುವೆಯ ಮೇಲಿದ್ದ ಸಾಮಾನ್ಯ ಜನ ಕೈಗೆ ಸಿಕ್ಕಿದ್ದನ್ನು ಅವನತ್ತ ಬೀಸುತ್ತಾರೆ. ನಮ್ಮಲ್ಲೊಬ್ಬನನ್ನು ಮುಟ್ಟಿದರೆ ಎಲ್ಲರನ್ನೂ ಮುಟ್ಟಿದ ಹಾಗೆ ಎಂದು ಒಬ್ಬ ಕೂಗುತ್ತಾನೆ. 2001ರ ಸೆಪ್ಟೆಂಬರ್ 11 ಆಗಿ ಎಂಟು ತಿಂಗಳೊಳಗೆ ಬಂದ ಸಿನಿಮಾ ಇದು. ಅವಳಿ ಗೋಪುರಗಳ ನಡುವೆ ಬಲೆ ಕಟ್ಟಿದಂತಿದ್ದ ಅದರ ಟ್ರೇಲರನ್ನು ಆ ದಾಳಿಯ ನಂತರ ಹಿಂತೆಗೆದುಕೊಂಡಿದ್ದರು. ನ್ಯೂಯಾರ್ಕಿನವರಿಗೆ ಆ ಕೂಗು ಹೇಗೆ ಕೇಳಿಸಿರಬಹುದೆಂದು ಊಹಿಸಬಹುದು.

ಕಾರವಾರದವರಿಗೆ ಇನ್ನೊಂದು ರೀತಿಯಲ್ಲಿ ಕೇಳಿಸುತ್ತದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿದು, ಲಾರಿಯೊಂದು ನೀರಿಗೆ ಬಿತ್ತು. ಆ ಕತ್ತಲಲ್ಲಿ ಚಾಲಕನನ್ನು ಬದುಕಿಸಿದವರು ಪೊಲೀಸರು ಮತ್ತು ನಮ್ಮ ಮೀನುಗಾರರು. ತಂಗಿಯ ಮಕ್ಕಳು ಆ ಸುದ್ದಿಯನ್ನು ಮನೆಯಲ್ಲಿ ದಿನವಿಡೀ ಕೇಳಿದವರು. ಸಿನಿಮಾದಲ್ಲಿ ದೋಣಿಯವರು ಬಂದ ತಕ್ಷಣ ಚಿಕ್ಕವಳು, "ಇವರು ನಮ್ಮ ಮೀನುಗಾರರ ಹಾಗೆ" ಎಂದಳಂತೆ. ರೈಮಿಯ ಸಿನಿಮಾ ಹೇಳುವುದೂ ಇದನ್ನೇ. ಮುಖವಾಡದವನೊಬ್ಬನಿಂದ ಊರು ಉಳಿಯುವುದಿಲ್ಲ.

2012ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ. ಹಲ್ಲಿ ಕಾರುಗಳನ್ನು ಎತ್ತಿ ಬದಿಗೆ ಎಸೆಯುತ್ತಿದ್ದರೆ ಪೀಟರ್ ಒಂದೊಂದನ್ನೇ ಬಲೆಯಲ್ಲಿ ನೇತುಹಾಕುತ್ತಾನೆ. ಒಂದು ಕಾರಿನೊಳಗೆ ಸಣ್ಣ ಹುಡುಗ, ಕಾರಿಗೆ ಬೆಂಕಿ. ಹುಡುಗ ಹೆದರಿ ಅಲುಗಾಡುವುದಿಲ್ಲ. ಪೀಟರ್ ತನ್ನ ಮುಖವಾಡ ಕಳಚಿ ಸಾದಾ ಮುಖ ತೋರಿಸುತ್ತಾನೆ, ಅದನ್ನು ಹುಡುಗನಿಗೆ ಕೊಟ್ಟು ಹಾಕಿಕೋ, ಬಲ ಬರುತ್ತದೆ ಎನ್ನುತ್ತಾನೆ. ಹುಡುಗ ಹಾಕಿಕೊಂಡು ಸೀಟು ಹಿಡಿದು ಮೇಲಕ್ಕೆ ಹತ್ತುತ್ತಾನೆ. ಆ ಸಿನಿಮಾದ ಎಲ್ಲ ಹೊಡೆದಾಟವನ್ನೂ ತೆಗೆದುಹಾಕಿ ಇದೊಂದನ್ನು ಉಳಿಸಿಕೊಂಡರೂ ನನಗೆ ಸಾಕು. ಆ ಹುಡುಗನ ಅಪ್ಪ ಕ್ರೇನ್ ನಡೆಸುವವನು. ಕೊನೆಯಲ್ಲಿ ಗಾಯಗೊಂಡ ಸ್ಪೈಡರ್-ಮ್ಯಾನ್‌ಗಾಗಿ ಬೀದಿಯುದ್ದಕ್ಕೂ ಕ್ರೇನುಗಳನ್ನು ಸಾಲಾಗಿ ತಿರುಗಿಸಿ ನಿಲ್ಲಿಸುವವನು ಅವನೇ. ಕೊಟ್ಟ ಉಪಕಾರ ಹೀಗೆ ತಿರುಗಿ ಬರುವುದನ್ನು ಕೆಲವರು ಅತಿಯಾಯಿತು ಎಂದು ನಕ್ಕಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಸೇತುವೆಯ ಮಟ್ಟಿಗೆ ನನ್ನ ಮತ 2012ಕ್ಕೇ.

ಹಾಕುವ ಮುಂಚೆ

2002ರದ್ದು 121 ನಿಮಿಷ, 2012ರದ್ದು 136. ಮಳೆಗಾಲದ ಕರೆಂಟು ನಂಬಿ ಕೂರುವವರಿಗೆ ಈ ಕಾಲು ಗಂಟೆ ಸಣ್ಣದಲ್ಲ. ನಡುವೆ ಕರೆಂಟು ಹೋಗಿ ಎರಡು ದಿನ ಮಾಡಿ ನೋಡುವ ಹಾಗಾದರೆ 2002ರದ್ದೇ ಅನುಕೂಲ, ಬೆನ್ ಸತ್ತು ಪೀಟರ್ ಶಾಲೆ ಮುಗಿಸುವಲ್ಲಿ ಕತೆ ತಾನಾಗಿಯೇ ಒಂದು ನಿಲುಗಡೆಗೆ ಬರುತ್ತದೆ. 2012ರಲ್ಲಿ ಅಪ್ಪನ ಕಡತ, ಸೂತ್ರ, ಕಂಪನಿಯ ಗುಟ್ಟು ಎಂದು ಎಳೆಗಳು ಹೆಚ್ಚು. ಬಿಟ್ಟು ನೋಡಿದರೆ ಮಕ್ಕಳಿಗೆ ತಲೆಬುಡ ತಿಳಿಯುವುದಿಲ್ಲ.

ಭಾಷೆಯೂ ಹಾಗೆ. ಮ್ಯಾಗ್ವಾಯರ್ ನಿಧಾನಕ್ಕೆ, ಬಿಡಿಸಿ ಮಾತಾಡುತ್ತಾನೆ. ಗಾರ್ಫೀಲ್ಡ್ ಮಾತನ್ನು ಅರ್ಧ ನುಂಗುತ್ತಾನೆ, ಸಬ್‌ಟೈಟಲ್ ಹಾಕಿಕೊಳ್ಳಿ. ಎರಡಕ್ಕೂ ಹಿಂದಿ ಡಬ್ಬಿಂಗ್ ಇದೆ. ಕನ್ನಡದಲ್ಲೇ ಬೇಕು ಎನ್ನುವ ಮಕ್ಕಳಿಗೆ ಬೇರೆ ದಾರಿಯಿದೆ. 2023ರ ಅನಿಮೇಷನ್ ಸಿನಿಮಾ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಕನ್ನಡಕ್ಕೂ ಡಬ್ ಆಗಿ ಬಂತು, ಅದರಲ್ಲಿ ಭಾರತದ ಸ್ಪೈಡರ್-ಮ್ಯಾನ್ ಕೂಡ ಇದ್ದಾನೆ.

ತೀರ ಚಿಕ್ಕ ಮಕ್ಕಳಿದ್ದರೆ ಎಚ್ಚರ. 2002ರಲ್ಲಿ ಗಾಬ್ಲಿನ್ ಬಾಂಬ್ ಎಸೆದು ಕಂಪನಿಯ ನಿರ್ದೇಶಕರನ್ನು ಕ್ಷಣದಲ್ಲಿ ಅಸ್ಥಿಪಂಜರ ಮಾಡುತ್ತಾನೆ, ಕೊನೆಯ ಹೊಡೆದಾಟದಲ್ಲಿ ರಕ್ತ ಕಾಣುತ್ತದೆ. 2012ರಲ್ಲಿ ಚರಂಡಿ ಸುರಂಗದ ಕತ್ತಲು, ಪ್ರಯೋಗಾಲಯದ ಇಲಿಯ ದೃಶ್ಯ ಅಸಹ್ಯ ಹುಟ್ಟಿಸುತ್ತವೆ. ಏಳೆಂಟು ವರ್ಷದ ಮೇಲಿನವರಿಗೆ, ಪಕ್ಕದಲ್ಲಿ ದೊಡ್ಡವರಿದ್ದರೆ, ಎರಡೂ ಆಗಬಹುದು. ಕಟ್ಟಡದಿಂದ ಕಟ್ಟಡಕ್ಕೆ ಹಾರುವ ದೃಶ್ಯಗಳಲ್ಲಿ 2002ರ ಗ್ರಾಫಿಕ್ಸ್‌ಗೆ ವಯಸ್ಸಾಗಿದೆ, ಈಗಿನ ಮಕ್ಕಳು ಕೂಡಲೇ ಗುರುತು ಹಿಡಿಯುತ್ತಾರೆ. 3ಡಿಯಲ್ಲೇ ಚಿತ್ರೀಕರಿಸಿದ 2012ರದ್ದು ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಶಾಲೆಯ ಲೈಬ್ರರಿಯಲ್ಲಿ ಹಿಂದೆ ಕಾದಾಟ ನಡೆಯುತ್ತಿದ್ದರೂ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತ ನಿಂತ ಮುದುಕ ಸ್ಟ್ಯಾನ್ ಲೀಯೇ. ಮಕ್ಕಳಿಗೆ ತೋರಿಸಿ.

ನೋಡಿ ಇಷ್ಟವಾಯಿತು, ಮುಂದಿನದೂ ಬೇಕು ಎಂದರೆ 2002ರ ದಾರಿಯಲ್ಲಿ 2004ರ ಎರಡನೇ ಭಾಗ ಕಾದಿದೆ. ನನ್ನ ಪಾಲಿಗೆ ಅದು ಇಲ್ಲಿ ಹೋಲಿಸಿದ ಎರಡಕ್ಕಿಂತಲೂ ಮೇಲು. 2007ರ ಮೂರನೆಯದರಲ್ಲಿ ಬೆನ್ ಕೊಲೆಯ ಕತೆಯನ್ನೇ ಬದಲಿಸಿಬಿಟ್ಟಿದ್ದಾರೆ, ಅವಸರ ಮಾಡಬೇಡಿ. 2012ರ ದಾರಿಯಲ್ಲಿ ಇರುವುದು 2014ರ ಎರಡನೇ ಭಾಗ ಒಂದೇ. ಸಿನಿಮಾವಾಗಿ ಅದು ಸಡಿಲ, ಆದರೂ ಬಿಡಬೇಡಿ. 2021ರ 'ನೋ ವೇ ಹೋಮ್'ನಲ್ಲಿ ಮ್ಯಾಗ್ವಾಯರ್, ಗಾರ್ಫೀಲ್ಡ್ ಇಬ್ಬರೂ ಹಾಲೆಂಡ್ ಜೊತೆ ಬರುತ್ತಾರೆ. ಅಲ್ಲಿ ಎತ್ತರದಿಂದ ಬೀಳುತ್ತಿರುವ ಹುಡುಗಿಯನ್ನು ಹಿಡಿದು ಕೆಳಗಿಳಿಸಿದ ಗಾರ್ಫೀಲ್ಡ್ ಯಾಕೆ ಅಳುತ್ತಾನೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 2014ರದ್ದನ್ನು ನೋಡಿದವರು ಕೇಳಬೇಕಾಗಿಲ್ಲ.